ಎಕರೆಗೆ ಇನ್ನೂರು ಕೋಟಿ: ಸದಾಶಿವನಗರದ ಲೆಕ್ಕ, ಮಲ್ಲಂದೂರಿನ ತೋಟದಿಂದ

ಈ ಸಲದ ಸಂಚಿಕೆ ರೆಕಾರ್ಡ್ ಮಾಡ್ತಿರೋದು ಮಲ್ಲಂದೂರಿನ ನಮ್ಮ ಮನೆಯ ಹಿಂದಿನ ಕೋಣೆಯಿಂದ. ಹೊರಗೆ ಮಳೆ ಹೊಯ್ತಿದೆ, ಹಂಚಿನ ಮೇಲೆ ಬೀಳೋ ಸದ್ದು ಆಡಿಯೋದಲ್ಲಿ ಕೇಳಿಸಿದ್ರೆ ಕ್ಷಮಿಸಿ. ಓದ್ತಾ ಇರೋರಿಗೆ ಆ ತೊಂದರೆ ಇಲ್ಲ.

ವಿಷಯ ಬೆಂಗಳೂರಿನ ಸದಾಶಿವನಗರ. ಚಿಕ್ಕಮಗಳೂರಿನಿಂದ ಮುತ್ತೋಡಿ ಕಡೆಗೆ ಹೋಗೋ ರಸ್ತೆಯ ಊರಲ್ಲಿ ಕೂತು ಸದಾಶಿವನಗರದ ಬಗ್ಗೆ ಯಾಕೆ ಮಾತಾಡಬೇಕು? ಕಾರಣ ಇದೆ. ಮೂರು ತಿಂಗಳ ಹಿಂದೆ ನಮ್ಮ ಒಂಬತ್ತು ಎಕರೆ ಕಾಫಿ ತೋಟಕ್ಕೆ ಬೆಂಗಳೂರಿನಿಂದ ಒಂದು ಪಾರ್ಟಿ ಬಂತು. ಎಕರೆಗೆ 28 ಲಕ್ಷ ಅಂದ್ರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ಹಳೇ ಕಥೆ ತೆಗೆದ್ರು. "ಅಜ್ಜ ಅವತ್ತು ಪ್ಯಾಲೇಸ್ ಆರ್ಚರ್ಡ್ಸ್‌ನಲ್ಲಿ ಸೈಟ್ ಹಾಕಿದ್ದಿದ್ರೆ ಇವತ್ತು ಇಂಥಾ ನಾಲ್ಕು ತೋಟ ನಾವೇ ತಗೋಬಹುದಿತ್ತು."

ಕಾಫಿ ಸೀಮೆಯ ಅರ್ಧ ಮನೆಗಳಲ್ಲಿ ಈ ಕಥೆ ಇರ್ತದೆ. ಅಜ್ಜ ಬಿಟ್ಟ ಸೈಟ್. ಒಬ್ಬರ ಅಜ್ಜ ಜಯನಗರದಲ್ಲಿ ಬಿಟ್ಟಿರ್ತಾರೆ, ಇನ್ನೊಬ್ಬರ ಅಜ್ಜ ಮಲ್ಲೇಶ್ವರದಲ್ಲಿ. ನಮ್ಮಜ್ಜ ಬಿಟ್ಟಿದ್ದು ನೇರ ಸದಾಶಿವನಗರದ್ದು. ಆ ದುಡ್ಡಲ್ಲಿ ಅವರು ಪಕ್ಕದ ಮೂರು ಎಕರೆ ತೋಟ ಸೇರಿಸಿಕೊಂಡ್ರಂತೆ. ಬಿ.ಕಾಂ ಓದಿದ ತಪ್ಪಿಗೆ ನಾನು ಲೆಕ್ಕ ಹಾಕೋಕೆ ಕೂತೆ. ಲೆಕ್ಕ ಹಾಕ್ತಾ ಇತಿಹಾಸಕ್ಕೆ ಹೋದೆ.

ಮೊದಲು ಹೆಸರು. ಪ್ಯಾಲೇಸ್ ಆರ್ಚರ್ಡ್ಸ್ ಅಂದ್ರೆ ಅರಮನೆಯ ಹಣ್ಣಿನ ತೋಟ. ಬೆಂಗಳೂರು ಅರಮನೆ ಇರೋ ಜಾಗ ಮೊದಲಿಗೆ ಮಹಾರಾಜರದ್ದಲ್ಲ. ಸೆಂಟ್ರಲ್ ಕಾಲೇಜಿನ ಮೂಲವಾದ ಸೆಂಟ್ರಲ್ ಹೈಸ್ಕೂಲಿನ ಮೊದಲ ಪ್ರಿನ್ಸಿಪಾಲ್ ರೆವರೆಂಡ್ ಗ್ಯಾರೆಟ್ ಅವರದ್ದು. ಚಾಮರಾಜೇಂದ್ರ ಒಡೆಯರ್ ಇನ್ನೂ ಹುಡುಗ, ರಾಜ್ಯ ಬ್ರಿಟಿಷರ ಕೈಯಲ್ಲಿ. ಅವರ ಬ್ರಿಟಿಷ್ ಪೋಷಕರು 1873ರಲ್ಲಿ ಮಹಾರಾಜರ ಖಾಸಗಿ ಹಣದಿಂದ 40,000 ರೂಪಾಯಿ ಕೊಟ್ಟು ಗ್ಯಾರೆಟ್ ಅವರ ಆಸ್ತಿ ಕೊಂಡ್ರು. ಈ "ಖಾಸಗಿ ಹಣ" ಅನ್ನೋ ಮಾತು ನೆನಪಿಟ್ಕೊಳ್ಳಿ. ನೂರೈವತ್ತು ವರ್ಷ ಆದ್ಮೇಲೂ ಜಗಳ ನಡೀತಿರೋದು ಅರಮನೆ ಯಾರ ಆಸ್ತಿ ಅನ್ನೋದರ ಸುತ್ತಲೇ.

ಅರಮನೆಗೆ ಪಶ್ಚಿಮಕ್ಕೆ, ಈಗಿನ ಬಳ್ಳಾರಿ ರಸ್ತೆಯ ಆಚೆ ಬದಿಗೆ, ಸ್ಯಾಂಕಿ ಕೆರೆಯ ತನಕದ ಇಳಿಜಾರು ಈ ಕಥೆಯ ಜಾಗ. ಸ್ಯಾಂಕಿ ಕೆರೆ 1882ರದ್ದು, ಕಟ್ಟಿಸಿದವರು ಮದ್ರಾಸ್ ಸ್ಯಾಪರ್ಸ್‌ನ ರಿಚರ್ಡ್ ಸ್ಯಾಂಕಿ. ಪಕ್ಕದಲ್ಲಿ ಗಂಧದ ಮರದ ಕೋಠಿ ಇದ್ದಿದ್ದಕ್ಕೆ ಹಳಬರು ಗಂಧದಕೋಟಿ ಕೆರೆ ಅಂತಿದ್ರು. ಆಮೇಲೆ ಬಂದ ಬಡಾವಣೆಯ ಹೆಸರುಗಳಲ್ಲಿ ಅರಮನೆ ಉಳಿದೇ ಇದೆ. ಅಪ್ಪರ್ ಪ್ಯಾಲೇಸ್ ಆರ್ಚರ್ಡ್ಸ್, ಲೋಯರ್ ಪ್ಯಾಲೇಸ್ ಆರ್ಚರ್ಡ್ಸ್, ಪಕ್ಕದ ಆರ್‌ಎಂವಿ ಎಕ್ಸ್‌ಟೆನ್ಷನ್. ಆರ್‌ಎಂವಿ ಅಂದ್ರೆ ರಾಜಮಹಲ್ ವಿಲಾಸ್, ತುಂಬಾ ಜನಕ್ಕೆ ಗೊತ್ತಿರಲ್ಲ.

ಬೆಂಗಳೂರಿಗೆ ಇದಕ್ಕೂ ಮೊದಲೇ ಶ್ರೀಮಂತ ಬಡಾವಣೆಗಳು ಹುಟ್ಟಿದ್ದವು. 1898ರ ಪ್ಲೇಗ್ ಪೇಟೆಯನ್ನ ಖಾಲಿ ಮಾಡಿಸಿತು, ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅಗಲ ರಸ್ತೆ, ಹಿತ್ತಲು, ಗಾಳಿ ಬೆಳಕು. ಅಲ್ಲಿ ಜಾತಿವಾರು ಬೀದಿಗಳನ್ನೂ ಹಂಚಿದ್ರು. ಅಂದ್ರೆ ಯಾರ ಪಕ್ಕದಲ್ಲಿ ಯಾರು ಇರಬೇಕು ಅನ್ನೋದು ಸೈಟ್ ಹಂಚೋವಾಗಲೇ ತೀರ್ಮಾನ ಆಗಿರ್ತಿತ್ತು. "ಒಳ್ಳೇ ಲೊಕಾಲಿಟಿ" ಅಂತ ಬ್ರೋಕರ್‌ಗಳು ಇವತ್ತು ಹೇಳೋ ಮಾತಿಗೆ ಎಷ್ಟು ವಯಸ್ಸಾಗಿದೆ ನೋಡಿ.

1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಸಿಐಟಿಬಿ. 1976ರಲ್ಲಿ ಅದರ ಜಾಗಕ್ಕೆ ಬಿಡಿಎ. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಅರಮನೆಯ ಹಣ್ಣಿನ ತೋಟ ಸೈಟುಗಳಾಯ್ತು. ಇಲ್ಲಿ ನಮ್ಮ ಚಿಕ್ಕಪ್ಪನ ಕಥೆಗೆ ಮೊದಲ ಪೆಟ್ಟು. ಸರ್ಕಾರಿ ಸೈಟ್ ಅಂದ್ರೆ ಸಂತೆಯಲ್ಲಿ ದುಡ್ಡು ಕೊಟ್ಟು ತರೋದಲ್ಲ. ಅರ್ಜಿ ಹಾಕಬೇಕು, ಅರ್ಹತೆ ಇರಬೇಕು, ಮಂಜೂರಾಗಬೇಕು. ಮನೆ ಕಟ್ಟಬೇಕು ಅನ್ನೋ ಷರತ್ತು, ಇಷ್ಟು ವರ್ಷ ಮಾರಬಾರದು ಅನ್ನೋ ಷರತ್ತು. ಬೆಲೆ ಸರ್ಕಾರ ಹೇಳಿದ್ದು, ಮಾರುಕಟ್ಟೆ ಹೇಳಿದ್ದಲ್ಲ. ಮಲ್ಲಂದೂರಿನಲ್ಲಿ ಗೊಬ್ಬರ ಹೊರಿಸ್ತಾ ಇದ್ದ ನಮ್ಮಜ್ಜ ಬೆಂಗಳೂರಿಗೆ ಹೋಗಿ ಮನೆ ಕಟ್ತಿದ್ರಾ? ಅನುಮಾನ. ಆ ಸೈಟ್ ಸಿಗೋದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಆ ಅರ್ಜಿ ನಮೂನೆ ಎಲ್ಲಿ ಸಿಗ್ತದೆ ಅನ್ನೋ ತಿಳುವಳಿಕೆ, ಅದನ್ನ ಮುಂದಕ್ಕೆ ತಳ್ಳೋ ಪರಿಚಯ. ಅದು ಯಾರಿಗೆ ಇತ್ತೋ ಅವರು ಅಕ್ಕಪಕ್ಕ ಬಂದು ನೆಲೆಸಿದ್ರು. ಅವರು ನೆಲೆಸಿದ್ದಕ್ಕೆ ಬೆಲೆ ಏರಿತು. ಬೆಲೆ ಏರಿದ್ದಕ್ಕೆ ಅಂಥವರೇ ಇನ್ನಷ್ಟು ಬಂದ್ರು.

ಬಡಾವಣೆಗೆ ಇಟ್ಟ ಹೆಸರು ಕಾರ್ನಾಡ್ ಸದಾಶಿವ ರಾವ್ ಅವರದ್ದು. ಯಾರಿವರು? 1881ರಲ್ಲಿ ಮಂಗಳೂರಲ್ಲಿ ಹುಟ್ಟಿದ ಶ್ರೀಮಂತ ವಕೀಲರು, ಸ್ವಾತಂತ್ರ್ಯ ಹೋರಾಟಗಾರರು. ಮಹಿಳೆಯರ ಶಿಕ್ಷಣಕ್ಕೆ, ಚಳವಳಿಗೆ ಅಂತ ಕೈಯಲ್ಲಿದ್ದ ಆಸ್ತಿಯನ್ನೆಲ್ಲ ಖರ್ಚು ಮಾಡಿ 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡವರು. ಮಂಗಳೂರಿನ ಕೆ.ಎಸ್. ರಾವ್ ರಸ್ತೆಯೂ ಇವರದ್ದೇ ಹೆಸರು. ಆಸ್ತಿ ಕಳ್ಕೊಂಡವರ ಹೆಸರಲ್ಲಿ ರಾಜ್ಯದ ಅತಿ ದುಬಾರಿ ವಿಳಾಸಗಳಲ್ಲೊಂದು. ಇದನ್ನ ನಾನು ವ್ಯಂಗ್ಯ ಮಾಡೋಕೆ ಹೇಳ್ತಿಲ್ಲ, ಆದ್ರೆ ಪ್ರತಿ ಸಲ ಆ ಬೋರ್ಡ್ ನೋಡಿದಾಗ ನೆನಪಾಗ್ತದೆ.

ನಮ್ಮ ಕಡೆಯವರಿಗೆ ಸದಾಶಿವನಗರ ಅಂದ್ರೆ ಮೊದಲು ರಾಜಕುಮಾರ್ ಅವರ ಮನೆ. 2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡಾಗ ನಾನು ಪ್ರೈಮರಿ ಸ್ಕೂಲ್. ಟೀವಿಯಲ್ಲಿ ಆ ಬೀದಿ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಜನಸಾಗರ, ಅದರ ಹಿಂದೆ ಎತ್ತರದ ಕಾಂಪೌಂಡುಗಳು. ಆಮೇಲೆ ರಾಜಕಾರಣಿಗಳ ಮನೆಗಳು. ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ 2024ರ ಡಿಸೆಂಬರ್ 10ರಂದು ತೀರಿಕೊಂಡದ್ದೂ ಸದಾಶಿವನಗರದ ಮನೆಯಲ್ಲೇ. ಅವರ ಅಳಿಯ ವಿ.ಜಿ. ಸಿದ್ಧಾರ್ಥ ನಮ್ಮದೇ ಜಿಲ್ಲೆಯ ತೋಟದ ಮನೆಯವರು, 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದವರು. ಅಂದ್ರೆ ಮಲೆನಾಡಿನ ತೋಟಕ್ಕೂ ಆ ಬಡಾವಣೆಗೂ ನಂಟು ಇಲ್ಲದೇ ಇಲ್ಲ. ದುಡ್ಡು ಎರಡೂ ಕಡೆ ಓಡಾಡಿದೆ.

ಅದೇ ನೆರೆಯಲ್ಲಿ ಇನ್ನೊಂದು ಜಾಗ ಇದೆ, ರಾಮನ್ ಸಂಶೋಧನಾ ಸಂಸ್ಥೆ. 1934ರಲ್ಲಿ ಮೈಸೂರಿನ ಮಹಾರಾಜರು ಸಿ.ವಿ. ರಾಮನ್ ಅವರ ವಿಜ್ಞಾನ ಅಕಾಡೆಮಿಗೆ ಜಾಗ ದಾನ ಕೊಟ್ರು, ಅಲ್ಲಿ 1948ರಲ್ಲಿ ಸಂಸ್ಥೆ ಶುರುವಾಯ್ತು. ಅದರ ಮರಗಳ ಕೆಳಗೆ ಒಂದು ಸಲ ಓಡಾಡಿದ್ದೇನೆ. ಆ ನೆಲಕ್ಕೆ ಬೆಲೆಯೇ ಇಲ್ಲ, ಯಾಕಂದ್ರೆ ಯಾರೂ ಮಾರ್ತಿಲ್ಲ.

ಈಗ ಅಸಲಿ ಲೆಕ್ಕಕ್ಕೆ ಬರೋಣ. ರಸ್ತೆ ದಾಟಿ ಅರಮನೆ ಮೈದಾನಕ್ಕೆ.

1996ರಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರು ಅರಮನೆ ಸ್ವಾಧೀನ ಮತ್ತು ವರ್ಗಾವಣೆ ಕಾಯ್ದೆ ಮಾಡಿತು. ಸುಮಾರು 472 ಎಕರೆ, ಅರಮನೆಯೂ ಸೇರಿ. ಪರಿಹಾರ 11 ಕೋಟಿ ರೂಪಾಯಿ. ಎಕರೆಗೆ ಎಷ್ಟಾಯ್ತು? 2 ಲಕ್ಷ 33 ಸಾವಿರ. ಚದರಡಿಗೆ ಐದೂವರೆ ರೂಪಾಯಿಗೂ ಕಡಿಮೆ. ರಾಜಮನೆತನದವರು ಕೋರ್ಟಿಗೆ ಹೋದ್ರು. ಹೈಕೋರ್ಟ್ ಕಾಯ್ದೆ ಎತ್ತಿಹಿಡಿಯಿತು, ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯ್ತು, ಅಲ್ಲೇ ದಶಕಗಟ್ಟಲೆ ಕೂತಿತು. ಅದರ ಮಧ್ಯೆ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡೋಕೆ ಮೈದಾನದ ಅಂಚಿನ ಹದಿನೈದು ಚಿಲ್ಲರೆ ಎಕರೆ ಬೇಕಾಯ್ತು. ಇದಕ್ಕೆ ದುಡ್ಡಿನ ಬದಲು ಟಿಡಿಆರ್ ಕೊಡಿ ಅನ್ನೋ ವಾದ ಬಂತು. ಟಿಡಿಆರ್ ಅಂದ್ರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು. ಸರಳವಾಗಿ ಹೇಳ್ತೀನಿ: ನಿಮ್ಮ ನೆಲ ರಸ್ತೆಗೆ ಹೋಯ್ತು, ಅದರ ಬದಲು ಬೇರೆ ಕಡೆ ಇಷ್ಟು ಹೆಚ್ಚು ಕಟ್ಟಬಹುದು ಅನ್ನೋ ಚೀಟಿ. ಆ ಚೀಟಿಯನ್ನ ಬಿಲ್ಡರ್‌ಗೆ ಮಾರಬಹುದು.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮುದ್ರಾಂಕ ಕಾಯ್ದೆಯ ಮಾರ್ಗಸೂಚಿ ದರದ ಪ್ರಕಾರ ಟಿಡಿಆರ್ ಕೊಡಿ ಅಂತ ಹೇಳಿತು. ಲೆಕ್ಕ ಹಾಕಿದ್ರೆ ಮೂರು ಸಾವಿರ ಕೋಟಿಗೂ ಮೇಲೆ. ಎಕರೆಗೆ ಇನ್ನೂರು ಕೋಟಿ. ಸರ್ಕಾರ ಬೆಚ್ಚಿಬಿತ್ತು, 2025ರ ಜನವರಿಯಲ್ಲಿ ಸುಗ್ರೀವಾಜ್ಞೆ ತರೋಕೆ ಹೊರಟಿತು.

ಒಂದೇ ಮೈದಾನ. ಒಂದು ಕಾಗದದ ಪ್ರಕಾರ ಎಕರೆಗೆ ಎರಡು ಲಕ್ಷ ಚಿಲ್ಲರೆ, ಇನ್ನೊಂದು ಕಾಗದದ ಪ್ರಕಾರ ಇನ್ನೂರು ಕೋಟಿ. ಎಂಟು ಸಾವಿರ ಪಟ್ಟಿಗೂ ಹೆಚ್ಚು. ಮಣ್ಣು ಅದೇ, ಅಲ್ಲಿ ಮದುವೆ ಮಂಟಪ, ಸರ್ಕಸ್ಸು, ಎಕ್ಸಿಬಿಷನ್ನು ಬಿಟ್ರೆ ಏನೂ ಬೆಳೆದಿಲ್ಲ. ಇಪ್ಪತ್ತೆಂಟು ವರ್ಷದ ಹಣದುಬ್ಬರ ಹಾಕಿದ್ರೂ, ಬೆಂಗಳೂರು ಬೆಳೆದದ್ದನ್ನ ಸೇರಿಸಿದ್ರೂ, ಇಷ್ಟು ಅಂತರಕ್ಕೆ ಉತ್ತರ ಸಿಗಲ್ಲ. ಉತ್ತರ ಇರೋದು ಯಾವ ಕಾಯ್ದೆಯ ಯಾವ ಕಲಂ ಓದ್ತೀರಿ ಅನ್ನೋದರಲ್ಲಿ. ಬಿ.ಕಾಂನಲ್ಲಿ ನಮಗೆ ಬೇಡಿಕೆ ಪೂರೈಕೆ ಗೆರೆ ಎಳೆಸ್ತಿದ್ರಲ್ಲ, ಆ ಎರಡು ಗೆರೆ ಸೇರೋ ಜಾಗದಲ್ಲಿ ಒಬ್ಬ ಗುಮಾಸ್ತ ಕೂತಿರ್ತಾನೆ ಅಂತ ಯಾರೂ ಹೇಳಿಕೊಡಲಿಲ್ಲ.

ಎಕರೆಗೆ ಇನ್ನೂರು ಕೋಟಿ ಅಂದ್ರೆ ಚದರಡಿಗೆ ಸುಮಾರು 46 ಸಾವಿರ. ಅದೇ ದರದಲ್ಲಿ ರಸ್ತೆಯ ಈಚೆ 50x80 ಸೈಟ್ ಒಂದಿದ್ರೆ 18 ಕೋಟಿಯ ಮೇಲೆ. ಬ್ಯಾಂಕಿನ ಎಫ್‌ಡಿಯಲ್ಲಿ ಶೇಕಡ 7ರಂತೆ ಇಟ್ರೆ ವರ್ಷಕ್ಕೆ ಒಂದು ಕಾಲು ಕೋಟಿ ಬಡ್ಡಿ. ಅಂದ್ರೆ ಆ ಸೈಟಿನ ಮನೆಗೆ ತಿಂಗಳಿಗೆ ಹತ್ತು ಲಕ್ಷದ ಮೇಲೆ ಬಾಡಿಗೆ ಬಂದ್ರೆ ಮಾತ್ರ ಎಫ್‌ಡಿಗೆ ಸಮ. ಅಂಥಾ ಬಡಾವಣೆಯ ಹಳೇ ಮನೆಗಳ ಮಾಲೀಕರಿಗೆ ಕಾಗದದಲ್ಲಿ ಕೋಟಿಗಟ್ಟಲೆ ಇರ್ತದೆ, ಕೈಯಲ್ಲಿ ಪೆನ್ಷನ್ ಇರ್ತದೆ. ಅಜ್ಜ ಅಜ್ಜಿ ಹೋದ ಮೇಲೆ ಮೂರು ಮಕ್ಕಳಿಗೆ ಒಂದು ಬಂಗಲೆ ಭಾಗ ಆಗಲ್ಲ, ಮಾರಲೇಬೇಕು. ಕೊಳ್ಳೋಕೆ ಆಗೋರು ಬೆರಳೆಣಿಕೆ. ಹಾಗಾಗಿ ಇಂಥ ಕಡೆ ಮಾರಾಟವೂ ಅಪರೂಪ, ಬೆಲೆಯೂ ಬಾಯಿಮಾತು.

ಇಷ್ಟಾದ ಮೇಲೆ ನಮ್ಮ ತೋಟದ ಲೆಕ್ಕ ತೆರೆದೆ.

ಒಂಬತ್ತು ಎಕರೆಗೆ 28 ಲಕ್ಷದಂತೆ 2 ಕೋಟಿ 52 ಲಕ್ಷ. ಎಫ್‌ಡಿಗೆ ಹಾಕಿದ್ರೆ ವರ್ಷಕ್ಕೆ ಹದಿನೇಳೂವರೆ ಲಕ್ಷ. ಕಾಫಿಗೆ ಎಂದೂ ಕಾಣದ ರೇಟ್ ಬಂದ ಹೋದ ಸೀಸನ್ನಿನಲ್ಲಿ, ಅರೇಬಿಕಾ, ಮೆಣಸು ಎಲ್ಲ ಸೇರಿ, ಕೂಲಿ ಗೊಬ್ಬರ ಕಳೆದು ನಮಗೆ ಉಳಿದದ್ದು ಹತ್ತು ಲಕ್ಷ. ಅದರ ಹಿಂದಿನ ವರ್ಷಗಳಲ್ಲಿ ಮೂರು, ಮೂರೂವರೆ. ಅಂದ್ರೆ ಬಂಗಾರದಂಥ ವರ್ಷದಲ್ಲಿ ಶೇಕಡ 4, ಮಾಮೂಲಿ ವರ್ಷದಲ್ಲಿ ಶೇಕಡ ಒಂದೂವರೆಯೂ ಇಲ್ಲ. ಸದಾಶಿವನಗರದ ಬಂಗಲೆಗೂ ನಮ್ಮ ತೋಟಕ್ಕೂ ಈ ಒಂದು ವಿಷಯದಲ್ಲಿ ವ್ಯತ್ಯಾಸವೇ ಇಲ್ಲ ಅಂತ ಆಗ ಗೊತ್ತಾಯ್ತು. ಬೆಲೆಗೂ ಅದು ಕೊಡೋ ಫಲಕ್ಕೂ ಸಂಬಂಧ ಹರಿದಿದೆ. ಬರ್ತಿರೋ ಪಾರ್ಟಿ ಕಾಫಿ ಕೊಳ್ತಿಲ್ಲ. ಮಂಜು, ವೀಕೆಂಡು, ಹೋಂಸ್ಟೇ, ಮತ್ತೆ ಹತ್ತು ವರ್ಷ ಬಿಟ್ಟು ಮಾರುವಾಗಿನ ಬೆಲೆ, ಇದನ್ನ ಕೊಳ್ತಿದ್ದಾರೆ. ಮೇಲಿಂದ, ಹಳ್ಳಿಯ ಕೃಷಿ ಭೂಮಿ ಮಾರಿದ್ರೆ ಬಂಡವಾಳ ಲಾಭದ ತೆರಿಗೆಯೂ ಬರಲ್ಲ.

ಆದ್ರೆ ಬೆಂಗಳೂರಿನವರು ಇಲ್ಲಿ ಕೊಳ್ಳೋಕೆ ಆಗಿದ್ದಾದರೂ ಹೇಗೆ? 2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದಿ ಯಾರು ಬೇಕಾದ್ರೂ ಜಮೀನು ಕೊಳ್ಳಬಹುದು ಅಂತ ಮಾಡಿದ್ರು, ಅದರಿಂದ ಅಂತ ಎಲ್ಲರೂ ಹೇಳ್ತಾರೆ. ಗದ್ದೆಗೆ ಅದು ನಿಜ. ಕಾಫಿ ತೋಟಕ್ಕೆ ಅಲ್ಲ. 1961ರ ಆ ಕಾಯ್ದೆಯಲ್ಲಿ 104ನೇ ಕಲಂ ಅಂತ ಒಂದಿದೆ. ಪ್ಲಾಂಟೇಷನ್‌ಗಳಿಗೆ ಭೂಮಿತಿ ಇಲ್ಲ, 2020ರವರೆಗೆ ಇದ್ದ, ಕೃಷಿಕರಲ್ಲದವರು ಕೊಳ್ಳಬಾರದು ಅನ್ನೋ 79ಎ, 79ಬಿ ಕೂಡ ಅನ್ವಯಿಸ್ತಿರಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿ ಬಂದು ಕೆಳಗಿನ ಗದ್ದೆ ಗೇಣಿದಾರರಿಗೆ ಹೋದಾಗಲೂ ಮೇಲಿನ ತೋಟ ಇಡಿಯಾಗಿ ಉಳಿಯೋ ದಾರಿ ಇತ್ತು. 1830ರ ಆಸುಪಾಸು ಕ್ಯಾನನ್ ಎಂಬ ಯುರೋಪಿಯನ್ನರು ಬಾಬಾಬುಡನ್‌ಗಿರಿಯ ದಕ್ಷಿಣಕ್ಕೆ ತೋಟ ಮಾಡಿದಾಗಿನಿಂದ ಬೆಳೆದುಬಂದ ದೊಡ್ಡ ದೊಡ್ಡ ಎಸ್ಟೇಟುಗಳು ಒಡೆಯದೆ ಕೈ ಬದಲಾಯಿಸ್ತಾ ಬಂದದ್ದಕ್ಕೆ ಈ ಕಲಂ ಒಂದು ದೊಡ್ಡ ಕಾರಣ. ಬಳ್ಳಾರಿ ರಸ್ತೆಯಲ್ಲಿ ಮುದ್ರಾಂಕ ಕಾಯ್ದೆಯ ದರ ಮಾಡಿದ ಕೆಲಸವನ್ನ ಇಲ್ಲಿ 104ನೇ ಕಲಂ ಮಾಡಿದೆ. ಈಗ ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋ ಕಾನೂನೂ ಬಂದಿದೆ. ಆ ಕಾಗದ ಕೈಗೆ ಸಿಕ್ಕ ದಿನ ಆ ತೋಟಗಳ ರೇಟ್ ಏನಾಗ್ತದೆ ನೀವೇ ಊಹಿಸಿ.

ಬೇಲಿಯ ಆಚೆ ಕಾಫಿ ಹಾಕಿದವರಿಗೆ ಕಾಗದ ಹುಟ್ತದೆ. ಬೇಲಿಯ ಒಳಗೆ ನಲವತ್ತು ವರ್ಷದಿಂದ ಇರೋರಿಗೆ ಹುಟ್ಟಲ್ಲ. ನಾನು ಹೇಳ್ತಿರೋದು ಲೈನ್ ಮನೆಗಳ ಬಗ್ಗೆ.

ನಮ್ಮ ತೋಟದಲ್ಲಿ ಎರಡು ಲೈನ್ ಮನೆ ಇವೆ. ದೊಡ್ಡ ಎಸ್ಟೇಟಿನ ಹಾಗೆ ಸಾಲು ಅಲ್ಲ, ಎರಡೇ. ಎರಡು ಕುಟುಂಬ. ಒಂದು ಮನೆಯ ಅಕ್ಕ ನಮ್ಮ ತೋಟದಲ್ಲಿ ಹಣ್ಣು ಕೊಯ್ಯೋಕೆ ಶುರು ಮಾಡಿದ್ದು ನಾನು ಹುಟ್ಟೋಕೆ ಮುಂಚೆ. ರೇಷನ್ ಕಾರ್ಡಿದೆ, ಓಟರ್ ಕಾರ್ಡಿದೆ, ಎರಡರಲ್ಲೂ ಇದೇ ವಿಳಾಸ. ಮನೆ ಮಾತ್ರ ಅವರದ್ದಲ್ಲ. ಪಹಣಿಯಲ್ಲಿ ಅಪ್ಪ, ಚಿಕ್ಕಪ್ಪ.

ಪಾರ್ಟಿ ಎರಡನೇ ಸಲ ಬಂದಾಗ ಬ್ರೋಕರ್ ನನ್ನನ್ನ ಪಕ್ಕಕ್ಕೆ ಕರೆದು ಹೇಳಿದ: "28 ಲಕ್ಷ ಲೈನ್ ಖಾಲಿ ಮಾಡಿಕೊಟ್ರೆ. ಇರೋ ಹಾಗೇ ಆದ್ರೆ 25." ಅವನೇನೂ ಕೆಟ್ಟವನಲ್ಲ, ರೇಟ್ ಹೇಳಿದ ಅಷ್ಟೆ. ಎಕರೆಗೆ 3 ಲಕ್ಷ, ಒಂಬತ್ತು ಎಕರೆಗೆ 27 ಲಕ್ಷ. ನಾನು ಅವತ್ತಿನವರೆಗೆ ಎಕ್ಸೆಲ್ ಶೀಟಲ್ಲಿ ಕಾಫಿ ಗಿಡ ಎಣಿಸಿದ್ದೆ, ಸಿಲ್ವರ್ ಓಕ್ ಎಣಿಸಿದ್ದೆ, ಮೋಟಾರು, ಕಣ, ಗೋಡೌನು ಹಾಕಿದ್ದೆ. ಲೈನ್ ಮನೆಗೆ ಸಾಲೇ ಇರಲಿಲ್ಲ. ಅವನು ಒಂದೇ ವಾಕ್ಯದಲ್ಲಿ ತುಂಬಿಸಿಕೊಟ್ಟ: ಮೈನಸ್ 27 ಲಕ್ಷ.

ಆ ಸಂಜೆ ಅಕ್ಕ ಅಂಗಳಕ್ಕೆ ಬಂದು ಅಮ್ಮನ ಹತ್ರ ಕೇಳಿದ್ರು, "ಹೊಸಬರು ಬಂದ್ರೆ ಈ ಲೈನು ಇರ್ತದಾ?" ಅಮ್ಮ ನನ್ನ ಕಡೆ ನೋಡಿದ್ರು. ನಾನು ಒಳಗೆ ಹೋದೆ. ಅದನ್ನ ಇಲ್ಲಿ ಹೇಳ್ತಿರೋದು ನನಗೆ ಖುಷಿಯ ವಿಷಯ ಅಲ್ಲ.

ಚಿಕ್ಕಪ್ಪನ ವಾದ ನನಗೆ ಅರ್ಥ ಆಗ್ತದೆ. ಕಾಫಿ ಬೋರ್ಡಿನ ಪೂಲಿಂಗ್ 1990ರ ದಶಕದಲ್ಲಿ ಹಂತಹಂತವಾಗಿ ಹೋಗಿ ಮುಕ್ತ ಮಾರುಕಟ್ಟೆ ಬಂದಾಗ ಮೊದಲು ಒಳ್ಳೇ ರೇಟು ಸಿಕ್ಕಿತು. ಆಮೇಲೆ 2001, 2002ರಲ್ಲಿ ರೇಟು ನೆಲ ಕಚ್ಚಿತು. ಆ ವರ್ಷ ಅವರು ಚಿಕ್ಕಮ್ಮನ ಬಳೆ ಬ್ಯಾಂಕಿಗಿಟ್ಟು ಕೂಲಿ ಕೊಟ್ಟವರು. ರೇಟು ಮೇಲಿರೋವಾಗ ಹೊರಗೆ ಬರಬೇಕು ಅಂತಾರೆ, ತಪ್ಪಿಲ್ಲ. ಮಗಳು ಬೆಂಗಳೂರಲ್ಲಿ ಇದ್ದಾಳೆ, ಹೆಬ್ಬಾಳದ ಆಚೆ ಒಂದು ಫ್ಲಾಟ್ ತಗೋಬೇಕು ಅಂತಿದ್ದಾರೆ. ಸದಾಶಿವನಗರದಿಂದ ಅದೇ ಬಳ್ಳಾರಿ ರಸ್ತೆಯಲ್ಲಿ ಇನ್ನಷ್ಟು ಮುಂದೆ. ಅವರ ಪಾಲಿನ ನಾಲ್ಕೂವರೆ ಎಕರೆಗೆ ಅಷ್ಟು ದೂರದವರೆಗೆ ಹೋಗೋಕೆ ಆಗ್ತದೆ.

ಅಜ್ಜನ ಸೈಟ್ ಕಥೆಯ ಬಗ್ಗೆ ಒಂದು ಮಾತು ಬಾಕಿ ಇತ್ತು. ಅಪ್ಪನ ಹಳೇ ಟ್ರಂಕಿನಲ್ಲಿ ಕಾಗದಗಳನ್ನ ಹುಡುಕಿದೆ. ಸೈಟಿನ ಅರ್ಜಿ ಇಲ್ಲ, ಪತ್ರ ಇಲ್ಲ. ಮೂರು ಎಕರೆ ಕೊಂಡ ಕ್ರಯಪತ್ರ ಇದೆ. ಅದರಲ್ಲಿ ಚೆಕ್ಕುಬಂದಿ ಬರೆದಿರೋ ಕಡೆ, ಪೂರ್ವಕ್ಕೆ ಹಳ್ಳ, ಉತ್ತರಕ್ಕೆ ಕಾಲುದಾರಿ, ದಕ್ಷಿಣಕ್ಕೆ "ಕೂಲಿಯವರ ಮನೆ" ಅಂತ ಇದೆ. ಲೈನ್ ಮನೆ ಆಗಲೇ ಅಲ್ಲಿತ್ತು. ಗಡಿ ಗುರುತಿಗೆ ಅದನ್ನ ಬಳಸಿದ್ದಾರೆ, ಒಳಗೆ ಇದ್ದವರ ಹೆಸರು ಬರೆದಿಲ್ಲ.

ಆ ಕ್ರಯಪತ್ರ ಅಪ್ಪನಿಗೆ ತೋರಿಸಿದೆ. ಅಪ್ಪ ಜಾಸ್ತಿ ಮಾತಾಡೋರಲ್ಲ. ಮಾರನೇ ದಿನ ತಾಲೂಕಾಫೀಸಿಗೆ ಹೋಗಿ, ಲೈನ್ ಮನೆ ಇರೋ ಕೆಲವು ಗುಂಟೆ ಬೇರೆ ಮಾಡಿ ಆ ಎರಡು ಕುಟುಂಬದ ಹೆಸರಿಗೆ ಮಾಡೋಕೆ ಏನು ಬೇಕು ಅಂತ ಕೇಳಿಕೊಂಡು ಬಂದ್ರು. 11ಇ ನಕ್ಷೆ ಬೇಕು, ಸರ್ವೆಯವರು ಬರಬೇಕು, ಅಷ್ಟು ಸಣ್ಣ ತುಂಡು ನೋಂದಣಿ ಆಗ್ತದಾ ಅಂತ ನೋಡಬೇಕು. ಅರ್ಜಿ ಹಾಕಿ ಐದು ವಾರ ಆಯ್ತು. ಅಲ್ಲಿಯವರೆಗೆ ಮಾರಾಟದ ಮಾತು ಬೇಡ ಅಂತ ಅಪ್ಪ. ಅಷ್ಟರೊಳಗೆ ಪಾರ್ಟಿ ಬೇರೆ ತೋಟ ನೋಡ್ಕೊಳ್ತಾರೆ ಅಂತ ಚಿಕ್ಕಪ್ಪ. ಇಬ್ಬರೂ ಊಟಕ್ಕೆ ಒಟ್ಟಿಗೆ ಕೂತು ಹತ್ತು ದಿನ ಆಯ್ತು.

ಸರ್ವೆಯವರು ಮಳೆ ನಿಂತ ಮೇಲೆ ಬರ್ತೀವಿ ಅಂದಿದ್ದಾರೆ. ಮಲ್ಲಂದೂರಿನಲ್ಲಿ ಮಳೆ ಯಾವಾಗ ನಿಲ್ತದೆ ಅಂತ ನಮ್ಮ ಕೇಳುಗರಿಗೆ ಹೇಳಬೇಕಾಗಿಲ್ಲ.